ಲೇಖನ ಬಂತು, ಚಿತ್ರ ಬರಲಿಲ್ಲ: ಎಪಿಐ ಉತ್ತರದಲ್ಲಿ ಚಿತ್ರದ ವಿವರ ಸೇರಿಸಿದ ಒಂದು ಪ್ರಕರಣ

ಲೇಖನಗಳನ್ನೂ ಛಾಯಾಚಿತ್ರ ವರದಿಗಳನ್ನೂ ಪ್ರಕಟಿಸುವ ಒಂದು ಜಾಲತಾಣದಲ್ಲಿ ಸರ್ವರ್ ಬದಿಯ ಕೆಲಸ ನನ್ನ ಪಾಲಿನದಾಗಿತ್ತು. ತಾಣ ಹಲವು ವರ್ಷಗಳಿಂದ ವರ್ಡ್‌ಪ್ರೆಸ್ ಎಂಬ ಪ್ರಕಾಶನ ತಂತ್ರಾಂಶದ ಮೇಲೆ ನಡೆಯುತ್ತಿತ್ತು, ಬ್ರೌಸರ್‌ನಲ್ಲಿ ಓದುವವರಿಗೆ ಯಾವ ತೊಂದರೆಯೂ ಇರಲಿಲ್ಲ. ಅದೇ ಲೇಖನಗಳನ್ನು ಮೊಬೈಲ್ ಆ್ಯಪ್‌ನಲ್ಲಿ ಕೊಡಬೇಕೆಂದು ತೀರ್ಮಾನವಾದಾಗ ಆ್ಯಪ್ ಕಟ್ಟುವ ಹೊಣೆ ಬೇರೊಂದು ತಂಡಕ್ಕೆ ಹೋಯಿತು. ಸಾಮಗ್ರಿಯೆಲ್ಲ ವರ್ಡ್‌ಪ್ರೆಸ್‌ನ ರೆಸ್ಟ್ ಎಪಿಐ (ಬೇರೆ ತಂತ್ರಾಂಶಗಳು ಮಾಹಿತಿಯನ್ನು ಕೇಳಿ ಪಡೆಯುವ ದಾರಿ) ಮೂಲಕವೇ ಹರಿಯಬೇಕು, ಆ್ಯಪ್‌ಗಾಗಿ ಪ್ರತ್ಯೇಕ ಡೇಟಾಬೇಸ್ ಇರಕೂಡದು ಎಂಬುದು ಎರಡೂ ತಂಡಗಳ ಒಪ್ಪಂದ. ಮೊದಲ ಪರದೆಯಲ್ಲಿ 20 ಲೇಖನಗಳ ಪಟ್ಟಿ ಇರಬೇಕಿತ್ತು; ಪ್ರತಿಯೊಂದಕ್ಕೂ ಶೀರ್ಷಿಕೆ, ಎರಡು ಸಾಲಿನ ಸಾರ ಮತ್ತು ಒಂದು ಮುಖ್ಯಚಿತ್ರ.

ಎರಡನೆಯ ವಾರದಲ್ಲಿ ಆ್ಯಪ್ ತಂಡದಿಂದ ಮೊದಲ ದೂರು ಬಂತು. "ಲೇಖನ ಬರ್ತಿದೆ ಸರ್, ಚಿತ್ರ ಬರ್ತಿಲ್ಲ. ಚಿತ್ರ ಇರಬೇಕಾದ ಕಡೆ ಒಂದು ನಂಬರ್ ಮಾತ್ರ ಇದೆ." ಈ ಒಂದು ಮಾತಿನ ಹಿಂದೆ ಎಷ್ಟು ಸಂಗತಿಗಳು ಅಡಗಿದ್ದವು ಎಂಬುದು ತಿಳಿಯಲು ನಮಗೆ ಹಲವು ವಾರಗಳು ಬೇಕಾದವು. ಪ್ರಕರಣವನ್ನು ಇಲ್ಲಿ ಪೂರ್ಣವಾಗಿ ಬರೆದಿಡಲು ಅದೇ ಕಾರಣ.

ಉತ್ತರದಲ್ಲಿ ಏನಿತ್ತು

ವರ್ಡ್‌ಪ್ರೆಸ್‌ನಲ್ಲಿ ಲೇಖನಗಳನ್ನೂ ಮೀಡಿಯಾವನ್ನೂ ಒದಗಿಸುವ ರೆಸ್ಟ್ ಎಪಿಐ ಮಾರ್ಗಗಳು ಮೂಲ ತಂತ್ರಾಂಶದೊಳಗೆ ಸೇರಿದ್ದು 2016ರ ಡಿಸೆಂಬರ್‌ನಲ್ಲಿ ಬಂದ 4.7ನೇ ಆವೃತ್ತಿಯಲ್ಲಿ. ಆಗಿನಿಂದಲೂ ಒಂದು ಲೇಖನವನ್ನು ಕೇಳಿದರೆ ಬರುವ ಉತ್ತರದಲ್ಲಿ 'ಫೀಚರ್ಡ್ ಮೀಡಿಯಾ' ಎಂಬ ಫೀಲ್ಡ್ (ಒಂದು ವಿವರಕ್ಕೆ ಮೀಸಲಾದ ಅಂಕಣ) ಇರುತ್ತದೆ. ಅದರ ಬೆಲೆ 4127 ಎಂಬಂಥ ಒಂದು ಪೂರ್ಣಾಂಕ. ಅದು ಮೀಡಿಯಾ ಲೈಬ್ರರಿಯಲ್ಲಿ ಆ ಚಿತ್ರಕ್ಕಿರುವ ಗುರುತು ಸಂಖ್ಯೆಯೇ ಹೊರತು ಚಿತ್ರದ ವಿಳಾಸವಲ್ಲ, ಅಳತೆಯಲ್ಲ, ವಿವರಣೆಯೂ ಅಲ್ಲ. ಲೇಖಕರ ಹೆಸರಿನ ಜಾಗದಲ್ಲಿ ಲೇಖಕರ ಸಂಖ್ಯೆಯೂ ವರ್ಗಗಳ ಜಾಗದಲ್ಲಿ ವರ್ಗಗಳ ಸಂಖ್ಯೆಗಳೂ ಬರುವುದು ಇದೇ ಕ್ರಮದಲ್ಲಿ. ಪ್ರತಿಯೊಂದು ವಸ್ತುವಿಗೂ ಅದರದೇ ವಿಳಾಸ ಇರಲಿ, ಬೇಕಾದವರು ಕೊಂಡಿ ಹಿಡಿದು ಹೋಗಿ ಪಡೆಯಲಿ ಎಂಬ ವಿನ್ಯಾಸ ಅದು, ಮತ್ತು ಆ ವಿನ್ಯಾಸಕ್ಕೆ ತನ್ನದೇ ಆದ ತರ್ಕವಿದೆ. ಆದರೆ ಪಟ್ಟಿ ತೋರಿಸುವ ಪರದೆಗೆ ಚಿತ್ರವು ಬೇಕಾದರೆ ಹೋಗಿ ತರುವ ವಸ್ತುವಲ್ಲ. ಓದುಗರ ಕಣ್ಣು ಶೀರ್ಷಿಕೆಗಿಂತ ಮೊದಲು ಚಿತ್ರದ ಮೇಲೆ ಬೀಳುತ್ತದೆ.

ಆ್ಯಪ್ ತಂಡ ಸಹಜವಾಗಿಯೇ ಪ್ರತಿ ಸಂಖ್ಯೆಗೂ ಮೀಡಿಯಾ ಮಾರ್ಗವನ್ನು ಒಮ್ಮೊಮ್ಮೆ ಕೇಳಿತು. ಪಟ್ಟಿಗೆ ಒಂದು ಕೋರಿಕೆ, ಚಿತ್ರದ ವಿವರಗಳಿಗೆ 20, ಒಟ್ಟು 21. ಇವೆಲ್ಲ ಮುಗಿದ ಮೇಲೆ ನಿಜವಾದ ಚಿತ್ರದ ಕಡತಗಳಿಗೆ ಇನ್ನೂ 20. ಕೋರಿಕೆಗಳ ಸಂಖ್ಯೆಗಿಂತ ಅವುಗಳ ಸರದಿ ಹೆಚ್ಚು ಕಾಡಿತು. ಪಟ್ಟಿ ಬಾರದೆ ಸಂಖ್ಯೆ ತಿಳಿಯದು, ಸಂಖ್ಯೆ ತಿಳಿಯದೆ ವಿವರ ಕೇಳಲಾಗದು, ವಿವರ ಬಾರದೆ ಕಡತದ ವಿಳಾಸ ಸಿಗದು. ದುರ್ಬಲ ಸಂಪರ್ಕದಲ್ಲಿ ಈ ಮೂರು ಹಂತಗಳೂ ಒಂದರ ಹಿಂದೊಂದು ಕಾಯುತ್ತವೆ. ಅತ್ತ ಸರ್ವರ್‌ನಲ್ಲಿ, ಕ್ಯಾಶ್‌ನಿಂದ (ಮೊದಲೇ ಉಳಿಸಿಟ್ಟ ಉತ್ತರಗಳಿಂದ) ಸಿಗದ ಪ್ರತಿ ಎಪಿಐ ಕೋರಿಕೆಗೂ ವರ್ಡ್‌ಪ್ರೆಸ್ ತನ್ನ ಪ್ಲಗಿನ್‌ಗಳೆಂಬ ಹೆಚ್ಚುವರಿ ತಂತ್ರಾಂಶಗಳನ್ನೂ ತಾಣದ ರೂಪವನ್ನು ನೋಡಿಕೊಳ್ಳುವ ಥೀಮ್‌ನ ಕಾರ್ಯಗಳನ್ನೂ ಹೊಸದಾಗಿ ಲೋಡ್ ಮಾಡಿಕೊಂಡೇ ಉತ್ತರ ಕೊಡಬೇಕು. ಒಂದು ಸಣ್ಣ ಚಿತ್ರದ ವಿಳಾಸ ಹೇಳುವುದಕ್ಕೂ ಅಷ್ಟೇ ಸಿದ್ಧತೆ ನಡೆಯುತ್ತದೆ.

ಇದರ ನಡುವೆ ಇನ್ನೊಂದು ಸಣ್ಣ ತೊಡಕೂ ಇತ್ತು. ಮುಖ್ಯಚಿತ್ರ ಇಲ್ಲದ ಲೇಖನಕ್ಕೆ ಈ ಫೀಲ್ಡ್ ಖಾಲಿ ಬರುವುದಿಲ್ಲ, 0 ಎಂದು ಬರುತ್ತದೆ. ಆ್ಯಪ್ ಅದನ್ನೂ ಒಂದು ಸಂಖ್ಯೆಯೆಂದೇ ತಿಳಿದು ಸೊನ್ನೆಯ ಚಿತ್ರವನ್ನು ಕೇಳಿ 404, ಅಂದರೆ 'ಸಿಗಲಿಲ್ಲ' ಎಂಬ ಉತ್ತರ ಪಡೆಯುತ್ತಿತ್ತು. ಅದನ್ನು ಒಂದೇ ಸಾಲಿನಲ್ಲಿ ಸರಿಪಡಿಸಲಾಯಿತು.

ಕೈಬಿಟ್ಟ ಎರಡು ದಾರಿಗಳು

ಎಲ್ಲ ಸಂಖ್ಯೆಗಳನ್ನೂ ಕೂಡಿಸಿ ಮೀಡಿಯಾ ಮಾರ್ಗಕ್ಕೆ 'ಇನ್‌ಕ್ಲೂಡ್' ಎಂಬ ಪ್ಯಾರಾಮೀಟರ್‌ನಲ್ಲಿ (ಕೋರಿಕೆಯ ಜೊತೆ ಕಳಿಸುವ ಸೂಚನೆಯಲ್ಲಿ) ಒಟ್ಟಿಗೆ ಕೊಡುವುದು ಆ್ಯಪ್ ತಂಡ ಪ್ರಯತ್ನಿಸಿದ ಮೊದಲ ದಾರಿ. 21 ಕೋರಿಕೆಗಳು 2ಕ್ಕೆ ಇಳಿದವು, ಆದರೆ ಪಟ್ಟಿಯ ಅರ್ಧದಷ್ಟು ಲೇಖನಗಳಿಗೆ ಚಿತ್ರವೇ ಇಲ್ಲವಾಯಿತು. ನಾವು 20 ಸಂಖ್ಯೆಗಳನ್ನು ಹೆಸರಿಸಿಯೇ ಕೇಳಿದರೂ ಪುಟಕ್ಕೆ ಎಷ್ಟು ಎಂದು ಹೇಳದಿದ್ದರೆ ವರ್ಡ್‌ಪ್ರೆಸ್ ಕೊಡುವುದು 10 ಮಾತ್ರ. ಗರಿಷ್ಠ ಮಿತಿ 100. ಪುಟದ ಅಳತೆಯನ್ನು ಹೆಚ್ಚಿಸಿದ ಮೇಲೆ ಬಹುತೇಕ ಚಿತ್ರಗಳು ಬಂದವು. ಬಹುತೇಕ ಎಂದೆ, ಎಲ್ಲವೂ ಅಲ್ಲ. ಉತ್ತರದ ಒಟ್ಟು ಎಣಿಕೆ ಹೇಳುವ ಹೆಡರ್‌ನಲ್ಲಿ 20 ಎಂದಿತ್ತು, ಪಟ್ಟಿಯೊಳಗೆ ಇದ್ದದ್ದು 17. ಆಗ ನಾವು ಈ ವ್ಯತ್ಯಾಸಕ್ಕೆ ಗಮನ ಕೊಡಲಿಲ್ಲ. ಮುಂದೆ ಬರುವ ಸಮಸ್ಯೆಯ ಸುಳಿವೆಲ್ಲ ಆ ಮೂರು ಕಾಣೆಯಾದ ಚಿತ್ರಗಳಲ್ಲೇ ಇತ್ತು.

ಇನ್ನೊಂದು ಸಲಹೆ ಹೆಚ್ಚು ಆಕರ್ಷಕವಾಗಿತ್ತು: ಚಿತ್ರವನ್ನೇ ಬೇಸ್64 ಎಂಬ ವಿಧಾನದಲ್ಲಿ ಅಕ್ಷರಗಳಾಗಿ ಬದಲಿಸಿ ಜೇಸನ್ (ಎಪಿಐ ಉತ್ತರ ಬರುವ ಪಠ್ಯರೂಪ) ಉತ್ತರದೊಳಗೆ ಇಟ್ಟುಬಿಡೋಣ, ಒಂದೇ ಕೋರಿಕೆಯಲ್ಲಿ ಎಲ್ಲವೂ ಮುಗಿಯುತ್ತದೆ. 'ಎಪಿಐ ಉತ್ತರದಲ್ಲಿ ಚಿತ್ರದ ಡೇಟಾ' ಎಂಬ ಮಾತನ್ನು ಕೇಳಿದವರಿಗೆ ಮೊದಲು ಹೊಳೆಯುವುದು ಇದೇ ಆದ್ದರಿಂದ ಅದನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬೇಸ್64ರಲ್ಲಿ ಪ್ರತಿ 3 ಬೈಟ್‌ಗಳು 4 ಅಕ್ಷರಗಳಾಗುತ್ತವೆ. 150 ಕೆಬಿ ಚಿತ್ರ 200 ಕೆಬಿ ಆಗುತ್ತದೆ, 20 ಚಿತ್ರಗಳ ಪಟ್ಟಿ ಸುಮಾರು 4 ಎಂಬಿ ತೂಗುತ್ತದೆ. ಸರ್ವರ್ ಜಿಜಿಪ್ ವಿಧಾನದಲ್ಲಿ ಕುಗ್ಗಿಸಿ ಕಳಿಸಿದರೆ ಈ ಹೆಚ್ಚಳದ ಬಹುಪಾಲು ತಗ್ಗುವುದರಿಂದ ತೂಕವನ್ನೇ ಮುಖ್ಯ ಆಕ್ಷೇಪವಾಗಿಸುವುದು ಸರಿಯಲ್ಲ. ನನ್ನ ಆಕ್ಷೇಪ ಬೇರೆಯೇ ಆಗಿತ್ತು. ಜೇಸನ್ ಅನ್ನು ಸಾಮಾನ್ಯವಾಗಿ ಪೂರ್ತಿ ಬಂದ ಮೇಲೆಯೇ ಬಿಡಿಸಿ ಓದುವುದರಿಂದ, ಇಪ್ಪತ್ತನೆಯ ಲೇಖನದ ಚಿತ್ರದ ಕೊನೆಯ ಬೈಟ್ ತಲುಪುವವರೆಗೆ ಮೊದಲ ಲೇಖನದ ಶೀರ್ಷಿಕೆಯೂ ಕಾಣುವುದಿಲ್ಲ. ಓದುಗರು ಕೆಳಗೆ ಸರಿಸದೆಯೇ ಹೊರಟುಹೋದರೂ ಅವರು ನೋಡದ ಚಿತ್ರಗಳು ಇಳಿದುಬಂದಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಚಿತ್ರಕ್ಕೆ ತನ್ನದೇ ವಿಳಾಸ ಇದ್ದಾಗ ಅದನ್ನು ಒಮ್ಮೆ ತಂದು ಸಾಧನದಲ್ಲೇ ಉಳಿಸಿಕೊಳ್ಳಬಹುದು. ಉತ್ತರದೊಳಗೆ ಬೆಸೆದ ಚಿತ್ರಕ್ಕೆ ಆ ಅನುಕೂಲವಿಲ್ಲ, ಪಟ್ಟಿಗೆ ಹೊಸ ಲೇಖನ ಒಂದು ಸೇರಿದರೂ ಹಳೆಯ 19 ಚಿತ್ರಗಳು ಮತ್ತೆ ಪ್ರಯಾಣ ಮಾಡಬೇಕು.

ಬೇಸ್64ಗೆ ಜಾಗವೇ ಇಲ್ಲವೆಂದಲ್ಲ. ಚಿತ್ರ ಬರುವ ತನಕ ಅದರ ಸ್ಥಾನದಲ್ಲಿ ತೋರಿಸುವ ಮಸುಕಾದ ಪುಟ್ಟ ಛಾಯೆಯನ್ನು ಹೀಗೆ ಕಳಿಸಬಹುದು, ಇಲ್ಲವೇ ಬ್ಲರ್‌ಹ್ಯಾಶ್ ಎಂಬ ವಿಧಾನದಲ್ಲಿ 20ರಿಂದ 30 ಅಕ್ಷರಗಳಷ್ಟು ಚಿಕ್ಕದಾಗಿ ಬರೆಯಬಹುದು.

ಎಂಬೆಡ್, ಮತ್ತು ಕಾಣದ ಚಿತ್ರಗಳು

ವರ್ಡ್‌ಪ್ರೆಸ್ ಇದಕ್ಕೆಂದೇ ಒಂದು ವ್ಯವಸ್ಥೆಯನ್ನು ಇಟ್ಟಿದೆ. ಕೋರಿಕೆಯ ಕೊನೆಗೆ ಅಂಡರ್‌ಸ್ಕೋರ್ ಸಹಿತ 'ಎಂಬೆಡ್' ಎಂಬ ಪ್ಯಾರಾಮೀಟರ್ ಸೇರಿಸಿದರೆ ಕೊಂಡಿಯ ಆಚೆ ಇರುವ ವಸ್ತುಗಳು ಉತ್ತರದೊಳಗೇ ಬರುತ್ತವೆ. ನಾವು ಅದನ್ನೇ ಹಿಡಿದೆವು. ಮೊದಲಿಗೆ ಲೇಖಕರ ವಿವರವೂ ವರ್ಗಗಳೂ ಟ್ಯಾಗ್‌ಗಳೂ ಜೊತೆಗೂಡಿ ಉತ್ತರ ಉಬ್ಬಿತು. 2020ರಲ್ಲಿ ಬಂದ 5.4ನೇ ಆವೃತ್ತಿಯಿಂದ ಯಾವ ಕೊಂಡಿಯನ್ನು ಮಾತ್ರ ಬಿಡಿಸಬೇಕೆಂದು ಹೆಸರಿಸಬಹುದಾದ್ದರಿಂದ ಮುಖ್ಯಚಿತ್ರದ ಕೊಂಡಿಯನ್ನಷ್ಟೇ ಕೇಳಿದೆವು. ಬೇಡದ ಫೀಲ್ಡ್‌ಗಳನ್ನು ತೆಗೆಯಲು ಅಂಡರ್‌ಸ್ಕೋರ್ 'ಫೀಲ್ಡ್ಸ್' ಪ್ಯಾರಾಮೀಟರ್ ಹಾಕಿದ ಕೂಡಲೇ ಚಿತ್ರಗಳೆಲ್ಲ ಮಾಯವಾದವು. ಫೀಲ್ಡ್‌ಗಳ ಪಟ್ಟಿ ಕೊಟ್ಟಾಗ 'ಲಿಂಕ್ಸ್' ಮತ್ತು 'ಎಂಬೆಡೆಡ್' ಎರಡನ್ನೂ ಅದರಲ್ಲಿ ಹೆಸರಿಸಲೇಬೇಕು, ಕೊಂಡಿಯನ್ನು ತೆಗೆದುಹಾಕಿದರೆ ಎಂಬೆಡ್‌ಗೆ ಹಿಡಿಯಲು ದಾರವೇ ಇರುವುದಿಲ್ಲ. ಇದನ್ನೂ ತಿದ್ದಿದ ಮೇಲೆ ಪರೀಕ್ಷೆಯ ಆ್ಯಪ್‌ನಲ್ಲಿ 20ಕ್ಕೆ 20 ಚಿತ್ರಗಳು ಕಾಣಿಸಿದವು, ಆ್ಯಪ್ ಓದುಗರ ಕೈಗೆ ಹೋಯಿತು.

ಓದುಗರಿಗೆ ಕಂಡದ್ದು ಬೇರೆ. ಕೆಲವು ಲೇಖನಗಳಲ್ಲಿ ಚಿತ್ರದ ಜಾಗದಲ್ಲಿ ಬೂದು ಚೌಕವಿತ್ತು. ಸಂಪಾದಕರಿಗೆ ತೋರಿಸಿದರೆ ಅವರು ಜಾಲತಾಣದ ಅದೇ ಲೇಖನವನ್ನು ತೆರೆದು, "ಇಲ್ಲಿ ಚೆನ್ನಾಗಿಯೇ ಕಾಣ್ತಿದೆಯಲ್ಲ, ಆ್ಯಪ್‌ನಲ್ಲಿ ಯಾಕೆ ಇಲ್ಲ?" ಎಂದರು. ಪರೀಕ್ಷೆಯ ಆ್ಯಪ್‌ನಲ್ಲೂ ಅದೇ ಲೇಖನದ ಚಿತ್ರ ಸರಿಯಾಗಿ ಬರುತ್ತಿತ್ತು. ತಪ್ಪು ಓದುಗರ ಫೋನಿನಲ್ಲಿ ಮಾತ್ರ ಇದೆ ಎಂದು ನಂಬಲು ನನಗೆ ಮನಸ್ಸಾಗಲಿಲ್ಲ. ಲಾಗಿನ್ ಇಲ್ಲದೆ ಆ ಒಂದು ಲೇಖನವನ್ನು ಮಾತ್ರ ಕೇಳಿ ಬಂದ ಉತ್ತರವನ್ನು ಸಾಲುಸಾಲಾಗಿ ಓದಿದೆ. ಫೀಚರ್ಡ್ ಮೀಡಿಯಾ ಫೀಲ್ಡ್‌ನಲ್ಲಿ ಸಂಖ್ಯೆ ಇತ್ತು. ಕೊಂಡಿಯೂ ಇತ್ತು. ಎಂಬೆಡ್ ಆದ ಜಾಗದಲ್ಲಿ ಚಿತ್ರದ ವಿವರ ಇರಬೇಕಿದ್ದ ಕಡೆ ಮೂರು ಸಂಗತಿಗಳಿದ್ದವು: 'ರೆಸ್ಟ್ ಫರ್ಬಿಡನ್' ಎಂಬ ಸಂಕೇತ, ಈ ಕೆಲಸಕ್ಕೆ ನಿಮಗೆ ಅನುಮತಿಯಿಲ್ಲ ಎಂಬ ಸಂದೇಶ, ಮತ್ತು 401 ಎಂಬ ಸ್ಥಿತಿ. ಇಡೀ ಉತ್ತರದ ಸ್ಥಿತಿ ಮಾತ್ರ 200, ಅಂದರೆ ಎಲ್ಲವೂ ಸರಿ. ಆ್ಯಪ್ ಆ ವಸ್ತುವಿನೊಳಗೆ 'ಸೋರ್ಸ್ ಯುಆರ್‌ಎಲ್' ಹುಡುಕಿ, ಸಿಗದೆ, ಬೂದು ಚೌಕ ತೋರಿಸುತ್ತಿತ್ತು.

ಕಾರಣ ವರ್ಡ್‌ಪ್ರೆಸ್ ಚಿತ್ರವನ್ನು ನೋಡುವ ರೀತಿಯಲ್ಲಿದೆ. ಅಪ್‌ಲೋಡ್ ಆದ ಚಿತ್ರವೂ ಅದಕ್ಕೆ ಒಂದು ಪೋಸ್ಟ್. ಆ ಪೋಸ್ಟ್‌ಗೆ ಸಾಮಾನ್ಯವಾಗಿ 'ಪ್ರಕಟಿತ', 'ಕರಡು' ಎಂಬ ಸ್ವಂತ ಸ್ಥಿತಿ ಇರುವುದಿಲ್ಲ, 'ಇನ್ಹೆರಿಟ್' ಎಂದಿರುತ್ತದೆ. ಯಾವ ಲೇಖನವನ್ನು ಬರೆಯುತ್ತಿರುವಾಗ ಚಿತ್ರವನ್ನು ಅಪ್‌ಲೋಡ್ ಮಾಡಲಾಯಿತೋ ಆ ಲೇಖನ ಅದರ ಪೇರೆಂಟ್ ಆಗುತ್ತದೆ, ಪೇರೆಂಟ್ ಓದಲು ಸಿಗುವಂತಿದ್ದರೆ ಮಾತ್ರ ಎಪಿಐ ಚಿತ್ರದ ವಿವರವನ್ನು ಹೊರಗಿನವರಿಗೆ ಕೊಡುತ್ತದೆ. ಪೇರೆಂಟ್ ಇಲ್ಲದೆ ನೇರ ಲೈಬ್ರರಿಗೆ ಸೇರಿದ ಚಿತ್ರಕ್ಕೆ ಈ ತಡೆಯಿಲ್ಲ. ನಮ್ಮ ಸಂಪಾದಕ ವಿಭಾಗದಲ್ಲಿ ವರ್ಷಗಳಿಂದ ಒಂದು ಅಭ್ಯಾಸವಿತ್ತು. ದೊಡ್ಡ ಕಾರ್ಯಕ್ರಮ ನಡೆದಾಗ ಒಂದು ಕರಡು ಲೇಖನ ತೆರೆದು ಎಲ್ಲ ಛಾಯಾಚಿತ್ರಗಳನ್ನೂ ಅದರೊಳಗೆ ಸುರಿದಿಟ್ಟು, ಮುಂದೆ ಬೇರೆ ಬೇರೆ ಲೇಖನಗಳಿಗೆ ಅಲ್ಲಿಂದ ಆರಿಸಿಕೊಳ್ಳುತ್ತಿದ್ದರು. ಆ ಕರಡು ಎಂದೂ ಪ್ರಕಟವಾಗುತ್ತಿರಲಿಲ್ಲ. ಚಿತ್ರ ಬೇರೆ ಲೇಖನದ ಮುಖ್ಯಚಿತ್ರವಾದರೂ ಅದರ ಪೇರೆಂಟ್ ಬದಲಾಗುವುದಿಲ್ಲ. ಹಾಗಾಗಿ ಪ್ರಕಟವಾದ ಲೇಖನದ ತಲೆಯ ಮೇಲಿರುವ ಚಿತ್ರವೂ ಎಪಿಐ ದೃಷ್ಟಿಯಲ್ಲಿ ಅಪ್ರಕಟಿತ ಕರಡಿನ ಸ್ವತ್ತಾಗಿಯೇ ಉಳಿಯುತ್ತಿತ್ತು. ಮೊದಲು ಪ್ರಕಟವಾಗಿ ಆಮೇಲೆ ಹಿಂತೆಗೆದ ಲೇಖನಗಳ ಚಿತ್ರಗಳಿಗೂ ಇದೇ ಗತಿ.

ಜಾಲತಾಣದಲ್ಲಿ ಈ ತೊಂದರೆ ಕಾಣದಿದ್ದುದಕ್ಕೆ ಕಾರಣ, ಥೀಮ್ ಮುಖ್ಯಚಿತ್ರವನ್ನು ಮುದ್ರಿಸುವಾಗ ಪೇರೆಂಟ್‌ನ ಸ್ಥಿತಿಯನ್ನು ಪರೀಕ್ಷಿಸುವುದಿಲ್ಲ. ಪರೀಕ್ಷೆಯ ಆ್ಯಪ್‌ನಲ್ಲಿ ಕಾಣದಿದ್ದುದಕ್ಕೆ ಕಾರಣ ಇನ್ನೂ ಸರಳ. ಕರಡು ಲೇಖನಗಳನ್ನು ಮುಂಚಿತವಾಗಿ ನೋಡಲೆಂದು ಆ ಆವೃತ್ತಿಗೆ ಸಂಪಾದಕರ ಖಾತೆಯ ಅಪ್ಲಿಕೇಶನ್ ಪಾಸ್‌ವರ್ಡ್ ಕೊಡಲಾಗಿತ್ತು, 5.6ನೇ ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲೇ ಇರುವ ಸೌಲಭ್ಯವದು. ಕರಡನ್ನು ಓದುವ ಹಕ್ಕಿದ್ದವರಿಗೆ ಕರಡಿನ ಚಿತ್ರವೂ ಸಿಕ್ಕಿತು. ಮೊದಲು ಪಟ್ಟಿಯಿಂದ ಸದ್ದಿಲ್ಲದೆ ಕಾಣೆಯಾಗಿದ್ದ ಆ ಮೂರು ಚಿತ್ರಗಳೂ ಇವೇ: ಪಟ್ಟಿ ಕೇಳಿದಾಗ ವರ್ಡ್‌ಪ್ರೆಸ್ ಅನುಮತಿಯಿಲ್ಲದವನ್ನು ಬಿಟ್ಟು ಮುಂದೆ ಹೋಗುತ್ತದೆ, ಎಣಿಕೆಯಿಂದ ಮಾತ್ರ ಕಳೆಯುವುದಿಲ್ಲ.

ಇಲ್ಲಿ ವರ್ಡ್‌ಪ್ರೆಸ್ ತಪ್ಪು ಮಾಡಿದೆ ಎಂದು ನಾನು ಹೇಳಲಾರೆ. ಪ್ರಕಟವಾಗದ ವರದಿಗೆಂದು ತೆಗೆದ ಚಿತ್ರ ಹೊರಗೆ ಸಿಗಬಾರದು ಎಂಬ ಎಚ್ಚರ ಪತ್ರಿಕಾ ಕೆಲಸದಲ್ಲಿ ಬೇಕೇ ಬೇಕು. ಆದರೆ ಒಬ್ಬ ಸಂಪಾದಕ ಒಂದು ಚಿತ್ರವನ್ನು ಆರಿಸಿ ಪ್ರಕಟಿತ ಲೇಖನದ ಮುಖಕ್ಕೆ ಇಟ್ಟ ಗಳಿಗೆಯಲ್ಲೇ ಆ ಚಿತ್ರವನ್ನು ಪ್ರಕಟಿಸುವ ನಿರ್ಧಾರ ಆಗಿಹೋಗಿರುತ್ತದೆ. ಹಾಗಾದ ಮೇಲೆ ಅನುಮತಿಯನ್ನು ಕೇಳಬೇಕಾದದ್ದು ಚಿತ್ರ ಎಲ್ಲಿ ಹುಟ್ಟಿತು ಎಂಬುದರ ಮೇಲಲ್ಲ, ಎಲ್ಲಿ ಬಳಕೆಯಾಗಿದೆ ಎಂಬುದರ ಮೇಲೆ. ಮುಂದಿನ ಪರಿಹಾರ ನಿಂತದ್ದು ಈ ಒಂದು ತೀರ್ಮಾನದ ಮೇಲೆ.

ಸ್ವಂತ ಫೀಲ್ಡ್‌ನ ರಚನೆ

ಎಲ್ಲ ಚಿತ್ರಗಳ ಪೇರೆಂಟ್ ಸಂಬಂಧವನ್ನು ಕಡಿದುಹಾಕುವುದು ಅಥವಾ ಸಂಪಾದಕರ ಅಭ್ಯಾಸವನ್ನು ಬದಲಿಸುವುದು ಸಾಧ್ಯವಿತ್ತು. ಮೊದಲನೆಯದು ನಿಜವಾಗಿ ಗುಟ್ಟಾಗಿರಬೇಕಾದ ಚಿತ್ರಗಳ ಕಾವಲನ್ನೂ ತೆಗೆದುಹಾಕುತ್ತದೆ, ಎರಡನೆಯದು ಯಂತ್ರದ ಕೊರತೆಯ ಭಾರವನ್ನು ಬರೆಯುವವರ ಮೇಲೆ ಹೊರಿಸುತ್ತದೆ. ಹಾಗಾಗಿ ಒಂದು ಪುಟ್ಟ ಪ್ಲಗಿನ್ ಬರೆದು, ರೆಸ್ಟ್ ಎಪಿಐ ಸಿದ್ಧವಾಗುವ ಹುಕ್‌ನಲ್ಲಿ (ನಮ್ಮ ಕೋಡ್ ಸೇರಿಸಲು ವರ್ಡ್‌ಪ್ರೆಸ್ ಬಿಟ್ಟಿರುವ ಜಾಗದಲ್ಲಿ) 'ರಿಜಿಸ್ಟರ್ ರೆಸ್ಟ್ ಫೀಲ್ಡ್' ಮೂಲಕ ಲೇಖನಕ್ಕೆ 'ಕವರ್ ಇಮೇಜ್' ಎಂಬ ಹೊಸ ಫೀಲ್ಡ್ ಸೇರಿಸಿದೆವು. ಲೇಖನವನ್ನು ಓದುವ ಹಕ್ಕಿದ್ದವರಿಗೆ ಅದರ ಮುಖ್ಯಚಿತ್ರದ ವಿವರವೂ ಸಿಗುತ್ತದೆ. ಪಾಸ್‌ವರ್ಡ್ ಹಾಕಿದ ಲೇಖನಕ್ಕೆ ಪಾಸ್‌ವರ್ಡ್ ಕೊಡದಿದ್ದರೆ ಈ ಫೀಲ್ಡ್ ನಲ್, ಅಂದರೆ ಬೆಲೆಯೇ ಇಲ್ಲದ್ದು, ಆಗಿರುತ್ತದೆ. ಮುಖ್ಯಚಿತ್ರ ಇಲ್ಲದಿದ್ದರೂ ನಲ್ ಆಗಿರುತ್ತದೆ, ಸೊನ್ನೆಯಲ್ಲ.

ಹೊಸ ಫೀಲ್ಡ್ ಪೇರೆಂಟ್‌ನ ತಡೆಯನ್ನು ದಾಟುವುದರಿಂದ ಅದರೊಳಗೆ ಏನಿರಕೂಡದು ಎಂಬುದನ್ನು ಮೊದಲು ಬರೆದುಕೊಂಡೆವು. ವರ್ಡ್‌ಪ್ರೆಸ್‌ನ ಮೂಲ ಮೀಡಿಯಾ ಉತ್ತರದಲ್ಲಿ ಚಿತ್ರವನ್ನು ಅಪ್‌ಲೋಡ್ ಮಾಡಿದವರ ಸಂಖ್ಯೆ, ದಿನಾಂಕ, ಜೊತೆಗೆ ಕಡತದಿಂದ ಹೆಕ್ಕಿದ ಕ್ಯಾಮೆರಾದ ಹೆಸರು, ಚಿತ್ರ ತೆಗೆದ ಸಮಯ, ಶಟರ್ ವೇಗ ಮುಂತಾದವೂ ಇರುತ್ತವೆ. ಪಟ್ಟಿ ತೋರಿಸುವ ಆ್ಯಪ್‌ಗೆ ಇವು ಯಾವುವೂ ಬೇಡ. ಉಳಿಸಿಕೊಂಡದ್ದು ಅಗಲ, ಎತ್ತರ, ಲಭ್ಯವಿರುವ ಅಳತೆಗಳ ವಿಳಾಸಗಳು, ಪರ್ಯಾಯ ಪಠ್ಯ ಮತ್ತು ಅಡಿಬರಹ.

ಅಳತೆಗಳ ವಿಷಯ ಹೊರಗಿನಿಂದ ಕಾಣುವುದಕ್ಕಿಂತ ಗಹನವಾದದ್ದು. ವರ್ಡ್‌ಪ್ರೆಸ್ ಒಂದು ಚಿತ್ರದಿಂದ ಹಲವು ಪ್ರತಿಗಳನ್ನು ಮಾಡಿಡುತ್ತದೆ: ಸೆಟ್ಟಿಂಗ್ ಬದಲಿಸದಿದ್ದರೆ 150 ಪಿಕ್ಸೆಲ್‌ನ ಚೌಕ, 300, 768, 1024, ಮತ್ತು 2019ರಲ್ಲಿ ಬಂದ 5.3ರಿಂದ 1536, 2048. ಮೂಲ ಚಿತ್ರ 2560 ಪಿಕ್ಸೆಲ್ ಮೀರಿದ್ದರೆ ಅದನ್ನೂ ಆ ಅಳತೆಗೆ ಇಳಿಸಿಕೊಳ್ಳುತ್ತದೆ. ಮೂಲ ಉತ್ತರದಲ್ಲಿ ಇವು 'ಮೀಡಿಯಂ', 'ಲಾರ್ಜ್' ಎಂಬ ಹೆಸರುಗಳಡಿ ಬರುತ್ತವೆ. ಆ್ಯಪ್‌ನ ಮೊದಲ ಆವೃತ್ತಿ 'ಲಾರ್ಜ್' ಎಂದೂ ಇರುತ್ತದೆ ಎಂದು ನಂಬಿತ್ತು. ಆದರೆ ಮೂಲ ಚಿತ್ರವೇ 800 ಪಿಕ್ಸೆಲ್ ಅಗಲವಿದ್ದರೆ 1024ರ ಪ್ರತಿ ಹುಟ್ಟುವುದೇ ಇಲ್ಲ, ಮತ್ತು ನಮ್ಮ ಹಳೆಯ ಲೇಖನಗಳಲ್ಲಿ ಅಂಥ ಸಣ್ಣ ಚಿತ್ರಗಳು ಧಾರಾಳವಾಗಿದ್ದವು. ಆದ್ದರಿಂದ ಹೆಸರುಗಳನ್ನು ಬಿಟ್ಟು, ಪ್ರತಿ ವಿಳಾಸದ ಜೊತೆ ಅದರ ನಿಜವಾದ ಅಗಲವನ್ನು ಬರೆದು, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದ ಪಟ್ಟಿಯಾಗಿ ಕೊಟ್ಟೆವು. 150ರ ಚೌಕವನ್ನು ಆ ಪಟ್ಟಿಯಿಂದ ಹೊರಗಿಟ್ಟೆವು. ಅದು ಕತ್ತರಿಸಿದ ಪ್ರತಿಯಾದ್ದರಿಂದ ಉಳಿದವುಗಳ ಜೊತೆ ಬೆರೆತರೆ ಒಂದೇ ಚಿತ್ರದ ಆಕಾರ ಕೆಲವು ಫೋನ್‌ಗಳಲ್ಲಿ ಬದಲಾಗಿ, ಅಂಚಿನಲ್ಲಿ ನಿಂತವರ ತಲೆಯೇ ಹೋಗಿರುತ್ತದೆ.

ಯಾವ ಪ್ರತಿಯನ್ನು ತರಿಸಬೇಕೆಂಬುದನ್ನು ಆ್ಯಪ್ ನಿರ್ಧರಿಸುತ್ತದೆ. ಒಂದು ಉದಾಹರಣೆ ನೋಡಬಹುದು. ಪರದೆಯ ಅಗಲ 360 ಬಿಂದು, ಸಾಂದ್ರತೆ 3 (ಅಗಲದಲ್ಲಿ ಬಿಂದುವಿಗೆ 3 ಪಿಕ್ಸೆಲ್) ಎಂದಾದರೆ ಬೇಕಾದ ಅಗಲ 1080 ಪಿಕ್ಸೆಲ್. ಬೇಕಾದದ್ದಕ್ಕಿಂತ ಕಡಿಮೆಯಾಗದ ಮೊದಲ ಪ್ರತಿ ಎಂಬ ನಿಯಮ ಹಿಡಿದರೆ 1024 ಬರೀ 56 ಪಿಕ್ಸೆಲ್ ಕಡಿಮೆ ಬಿದ್ದದ್ದಕ್ಕೆ 1536ರ ಪ್ರತಿ ಇಳಿಯುತ್ತದೆ, ಅದರಲ್ಲಿರುವ ಪಿಕ್ಸೆಲ್‌ಗಳು ಎರಡೂಕಾಲು ಪಟ್ಟು. ಕೈಯಲ್ಲಿ ಹಿಡಿದ ಫೋನಿನಲ್ಲಿ ಆ 56 ಪಿಕ್ಸೆಲ್‌ಗಳ ಕೊರತೆ ನಮ್ಮಲ್ಲಿ ಯಾರಿಗೂ ಕಾಣಿಸಲಿಲ್ಲ. ಹತ್ತನೇ ಒಂದು ಭಾಗದವರೆಗಿನ ಕೊರತೆಯನ್ನು ಒಪ್ಪಬೇಕೆಂದು ನಿಯಮವನ್ನು ಸಡಿಲಿಸಿದೆವು.

ಅಗಲ ಮತ್ತು ಎತ್ತರವನ್ನು ಮೇಲ್ಮಟ್ಟದಲ್ಲೇ ಇಟ್ಟದ್ದಕ್ಕೂ ಉದ್ದೇಶವಿದೆ. ಅವು ಮೊದಲೇ ತಿಳಿದಿದ್ದರೆ ಚಿತ್ರ ಬರುವ ಮುನ್ನವೇ ಅದಕ್ಕೆ ಸರಿಯಾದ ಜಾಗ ಬಿಟ್ಟಿರಬಹುದು. ಇಲ್ಲದಿದ್ದರೆ ಚಿತ್ರ ಬಂದಾಗ ಸಾಲುಗಳು ಕೆಳಗೆ ಜಾರಿ, ಒಂದು ಲೇಖನದ ಮೇಲೆ ಇಟ್ಟ ಬೆರಳು ಇನ್ನೊಂದನ್ನು ತೆರೆಯುತ್ತದೆ.

ಪರ್ಯಾಯ ಪಠ್ಯ

ಈ ಫೀಲ್ಡ್‌ನಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಪರ್ಯಾಯ ಪಠ್ಯ, ಮತ್ತು ನಮ್ಮ ಕೆಲಸದಲ್ಲಿ ಅತ್ಯಂತ ಕಡೆಗಣಿಸಲ್ಪಟ್ಟದ್ದೂ ಅದೇ. ಕಣ್ಣು ಕಾಣದವರು ಫೋನನ್ನು ಸ್ಕ್ರೀನ್ ರೀಡರ್ ಮೂಲಕ ಬಳಸುವಾಗ ಚಿತ್ರದ ಬದಲು ಅವರಿಗೆ ಕೇಳಿಸುವುದು ಈ ಪಠ್ಯ. ಮೊದಲ ಆವೃತ್ತಿಯಲ್ಲಿ ಎಂಬೆಡ್ ಉತ್ತರದೊಳಗೆ ಅದು ಬರುತ್ತಿದ್ದರೂ ಆ್ಯಪ್ ಅದನ್ನು ಎತ್ತಿಕೊಂಡೇ ಇರಲಿಲ್ಲ. ಹೊಸ ಫೀಲ್ಡ್ ಮಾಡುವಾಗ ಇನ್ನೊಂದು ಸತ್ಯ ಎದುರಾಯಿತು: ಲೈಬ್ರರಿಯ ಬಹಳಷ್ಟು ಚಿತ್ರಗಳಿಗೆ ಈ ಪಠ್ಯವನ್ನು ಯಾರೂ ಬರೆದಿರಲಿಲ್ಲ.

ಖಾಲಿ ಇದ್ದಾಗ ಚಿತ್ರದ ಶೀರ್ಷಿಕೆಯನ್ನು ತುಂಬಿಬಿಡೋಣ ಎಂಬ ಸಲಹೆ ಬಂತು. ವರ್ಡ್‌ಪ್ರೆಸ್‌ನಲ್ಲಿ ಚಿತ್ರದ ಶೀರ್ಷಿಕೆ ಎಂದರೆ ಬಹುತೇಕ ಕಡತದ ಹೆಸರೇ. 'ಐಎಂಜಿ 2041' ಎಂದು ಒಬ್ಬರ ಕಿವಿಯಲ್ಲಿ ಓದಿಸುವುದರಿಂದ ಅವರಿಗೆ ಏನೂ ತಿಳಿಯುವುದಿಲ್ಲ, ಸಮಯ ಮಾತ್ರ ಹಾಳಾಗುತ್ತದೆ. ಅಡಿಬರಹವನ್ನು ಬಳಸುವುದೂ ಸರಿಯಲ್ಲ. ಅಡಿಬರಹ ಚಿತ್ರವನ್ನು ನೋಡಿದವರಿಗೆ ಹೆಚ್ಚಿನ ಮಾಹಿತಿ ಕೊಡುತ್ತದೆ, ಪರ್ಯಾಯ ಪಠ್ಯ ನೋಡಲಾಗದವರಿಗೆ ಚಿತ್ರವನ್ನೇ ಕೊಡುತ್ತದೆ. ಖಾಲಿಯನ್ನು ಖಾಲಿಯಾಗಿಯೇ ಕಳಿಸಿದೆವು. ಇಲ್ಲೊಂದು ತೊಡಕು ಇಂದಿಗೂ ಉಳಿದಿದೆ. ಕೇವಲ ಅಲಂಕಾರದ ಚಿತ್ರಕ್ಕೆ ಪಠ್ಯವನ್ನು ಬೇಕೆಂದೇ ಖಾಲಿ ಬಿಡುವುದು ರೂಢಿ, ಬರೆಯಲು ಮರೆತ ಚಿತ್ರವೂ ಖಾಲಿಯೇ, ಇವೆರಡನ್ನೂ ಬೇರ್ಪಡಿಸುವ ಗುರುತು ವರ್ಡ್‌ಪ್ರೆಸ್‌ನ ಮೀಡಿಯಾ ಲೈಬ್ರರಿಯಲ್ಲಿ ಇಲ್ಲ.

ಸರ್ವರ್ ಒಳಗೆ ಮತ್ತು ಕ್ಯಾಶ್‌ನಲ್ಲಿ

ಹೊರಗಿನ 21 ಕೋರಿಕೆಗಳನ್ನು ಒಂದಕ್ಕೆ ಇಳಿಸಿದ ಸಂತೋಷದಲ್ಲಿ ಅದೇ ಸಮಸ್ಯೆ ಸರ್ವರ್ ಒಳಗೆ ನುಸುಳಿದ್ದನ್ನು ನಾವು ಕೆಲವು ದಿನ ಗಮನಿಸಲಿಲ್ಲ. ಹೊಸ ಫೀಲ್ಡ್‌ನ ಬೆಲೆಯನ್ನು ಸಿದ್ಧಪಡಿಸುವ ಕಾಲ್‌ಬ್ಯಾಕ್ ಫಂಕ್ಷನ್ ಪ್ರತಿ ಲೇಖನಕ್ಕೂ ಒಮ್ಮೆ ಓಡುತ್ತದೆ. ಪ್ರತಿ ಸಲವೂ ಚಿತ್ರದ ಪೋಸ್ಟ್‌ಗೆ ಒಂದು, ಅದರ ಮೆಟಾ ವಿವರಕ್ಕೆ ಒಂದು, ಹೀಗೆ ಎರಡು ಡೇಟಾಬೇಸ್ ಪ್ರಶ್ನೆಗಳು. 20 ಲೇಖನಗಳಿಗೆ 40. ಪಟ್ಟಿ ಸಿದ್ಧವಾದ ಕೂಡಲೇ ಎಲ್ಲ ಮುಖ್ಯಚಿತ್ರಗಳ ಸಂಖ್ಯೆಗಳನ್ನು ಕೂಡಿಸಿ ಒಂದೇ ಸಲ ತರಿಸಿ ಮೆಮೊರಿಯಲ್ಲಿಟ್ಟರೆ 40ರ ಬದಲು 2 ಪ್ರಶ್ನೆಗಳು ಸಾಕು. ವರ್ಡ್‌ಪ್ರೆಸ್‌ನಲ್ಲೇ ಇದಕ್ಕೆ 'ಅಪ್‌ಡೇಟ್ ಪೋಸ್ಟ್ ಥಂಬ್‌ನೇಲ್ ಕ್ಯಾಶ್' ಎಂಬ ಫಂಕ್ಷನ್ ಇದೆ, ಅದನ್ನು ಕರೆಯುವುದಷ್ಟೇ ನಮ್ಮ ಕೆಲಸವಾಗಿತ್ತು.

ಕೊನೆಯ ದೂರು ಸಂಪಾದಕರಿಂದ ಬಂತು. ಅವರು ಒಂದು ಚಿತ್ರದ ಪರ್ಯಾಯ ಪಠ್ಯವನ್ನು ತಿದ್ದಿದ್ದರು, ಆದರೆ ಆ್ಯಪ್‌ನಲ್ಲಿ ಹಳೆಯದೇ ಕೇಳಿಸುತ್ತಿತ್ತು. ಎಪಿಐ ಉತ್ತರಗಳ ಮುಂದೆ ನಾವಿಟ್ಟಿದ್ದ ಕ್ಯಾಶ್, ಲೇಖನವನ್ನು ಸೇವ್ ಮಾಡಿದಾಗ ಮಾತ್ರ ತೆರವಾಗುತ್ತಿತ್ತು. ಮೀಡಿಯಾ ಲೈಬ್ರರಿಯಲ್ಲಿ ಚಿತ್ರದ ಪಠ್ಯ ತಿದ್ದಿದರೆ ಬದಲಾಗುವುದು ಚಿತ್ರದ ದಾಖಲೆ, ಲೇಖನ ಮುಟ್ಟಿದಂತೆಯೇ ಆಗುವುದಿಲ್ಲ. ಚಿತ್ರದ ವಿವರವನ್ನು ಲೇಖನದ ಉತ್ತರದೊಳಗೆ ತಂದ ಮೇಲೆ ಚಿತ್ರದ ಬದಲಾವಣೆಯೂ ಲೇಖನದ ಬದಲಾವಣೆಯೇ ಎಂದು ಎಣಿಸಬೇಕಿತ್ತು, ಅದು ನಮ್ಮ ವಿನ್ಯಾಸದಲ್ಲಿ ಬಿಟ್ಟುಹೋಗಿತ್ತು. ಈಗ ಚಿತ್ರವನ್ನು ತಿದ್ದಿದಾಗ ಅದನ್ನು ಮುಖ್ಯಚಿತ್ರವಾಗಿ ಹೊಂದಿರುವ ಲೇಖನಗಳನ್ನೆಲ್ಲ ಹುಡುಕಿ ಅವುಗಳ ಕ್ಯಾಶ್ ತೆಗೆಯಲಾಗುತ್ತದೆ.

ಬೇರೆ ವ್ಯವಸ್ಥೆಗಳಲ್ಲಿ ಕೆಲಸ ಮಾಡುವವರಿಗೂ ಇದರ ಹತ್ತಿರದ ಅನುಭವಗಳು ಇರಬಹುದು. ವರ್ಡ್‌ಪ್ರೆಸ್‌ನಂಥದೇ ತಂತ್ರಾಂಶವಾದ ದ್ರುಪಲ್‌ನಲ್ಲಿ 8.7ನೇ ಆವೃತ್ತಿಯಿಂದ ಮೂಲದಲ್ಲೇ ಇರುವ ಜೇಸನ್ ಎಪಿಐ, 'ಇನ್‌ಕ್ಲೂಡ್' ಎಂದು ಹೇಳದಿದ್ದರೆ ಚಿತ್ರದ ಕಡತದ ವಿಳಾಸ ಕೊಡುವುದಿಲ್ಲ. ಹೇಳಿದಾಗಲೂ ವಿಳಾಸ ಸಿಗುವುದು ಕಡತದ ದಾಖಲೆಯಲ್ಲಿ, ಪರ್ಯಾಯ ಪಠ್ಯವೂ ಅಳತೆಯೂ ಸಿಗುವುದು ಸಂಬಂಧದ ಮೆಟಾ ವಿವರದಲ್ಲಿ. ಎರಡನ್ನೂ ಜೋಡಿಸುವ ಕೆಲಸ ಕೇಳುವವರದು. ಸ್ಟ್ರಾಪಿ ಎಂಬ ಇನ್ನೊಂದು ತಂತ್ರಾಂಶದ ನಾಲ್ಕನೇ ಆವೃತ್ತಿಯಲ್ಲಿ 'ಪಾಪ್ಯುಲೇಟ್' ಎಂದು ಕೇಳದಿದ್ದರೆ ಮೀಡಿಯಾ ಫೀಲ್ಡ್ ಉತ್ತರದಲ್ಲಿ ಕಾಣಿಸುವುದೇ ಇಲ್ಲ.

ನಮ್ಮ ತಾಣದಲ್ಲಿ ಫೀಚರ್ಡ್ ಮೀಡಿಯಾ ಫೀಲ್ಡ್ ಮೊದಲಿದ್ದಂತೆಯೇ ಸಂಖ್ಯೆಯಾಗಿ ಉಳಿದಿದೆ. ಆ್ಯಪ್‌ನ ಹಳೆಯ ಆವೃತ್ತಿಗಳನ್ನು ಬದಲಿಸದೆ ಬಳಸುತ್ತಿರುವ ಓದುಗರು ಅದನ್ನೇ ನೆಚ್ಚಿಕೊಂಡಿದ್ದಾರೆ. ಸಂಪಾದಕರು ಇಂದಿಗೂ ಛಾಯಾಚಿತ್ರಗಳನ್ನು ಕರಡಿನಲ್ಲೇ ಸುರಿದಿಡುತ್ತಾರೆ. ಪ್ರತಿ ಬಿಡುಗಡೆಗೆ ಮುನ್ನ ಓಡುವ ಪರೀಕ್ಷೆಗಳಲ್ಲಿ ಈಗ ಒಂದು ಹೆಚ್ಚಾಗಿದೆ: ಕರಡಿನಲ್ಲಿ ಅಪ್‌ಲೋಡ್ ಆದ ಚಿತ್ರವೊಂದನ್ನು ಪ್ರಕಟಿತ ಲೇಖನದ ಮುಖಕ್ಕಿಟ್ಟು, ಯಾವ ಲಾಗಿನ್ ಇಲ್ಲದೆ ಆ ಲೇಖನವನ್ನು ಕೇಳಿ, ಚಿತ್ರದ ವಿಳಾಸವೂ ಪರ್ಯಾಯ ಪಠ್ಯವೂ ಉತ್ತರದಲ್ಲಿ ಇವೆಯೇ ಎಂದು ಅದು ನೋಡುತ್ತದೆ.